ಅಳತೆ ಪುಸ್ತಕದಲ್ಲಿ ಇಲ್ಲದ ಹುಡುಗಿ

ಟೈಲರ್ ಅಕ್ಕನಿಗೆ ಈ ಹಾಡಿನ ಹುಚ್ಚು ಎಲ್ಲಿಂದ ಹತ್ತಿತು ಅಂತ ಯಾರಾದರೂ ಕೇಳಿದರೆ ಅವಳ ಗಂಡ ಒಂದೇ ಮಾತು ಹೇಳುತ್ತಿದ್ದ: "ಯಾರೋ ಮರೆತು ಹೋದ ಫೋನಿಂದ." ಅದು ನಿಜವೂ ಹೌದು. ಎಂಟು ವರ್ಷದ ಹಿಂದೆ ಒಬ್ಬ ಗಿರಾಕಿ ಪ್ಯಾಂಟಿನ ಜಿಪ್ಪು ಬದಲಾಯಿಸಲು ಕೊಟ್ಟು, ಅದರ ಜೇಬಿನಲ್ಲೇ ಫೋನು ಬಿಟ್ಟು ಹೋಗಿದ್ದ. ಆ ಪುಣ್ಯಾತ್ಮ ಬೇರೆಯವರ ಫೋನಿನಿಂದ ಮೇಲಿಂದ ಮೇಲೆ ಕರೆ ಮಾಡಿದ. ಗಾಜಿನ ಫೋನು ಎತ್ತುವುದು ಹೇಗೆಂದು ಆಗ ಅಕ್ಕನಿಗೆ ತಿಳಿಯದು. ತಟ್ಟಿದಳು, ಒತ್ತಿದಳು, ಊದಿಯೂ ನೋಡಿದಳು. ಕರೆ ಬಂದಾಗಲೆಲ್ಲ ಒಂದು ಹೆಣ್ಣು ದನಿ ಎರಡು ಸಾಲು ಹಾಡಿ ಸುಮ್ಮನಾಗುತ್ತಿತ್ತು. ಹನ್ನೊಂದನೆಯ ಸಲಕ್ಕೆ ಅಕ್ಕನೂ ಜೊತೆಗೆ ದನಿಗೂಡಿಸಿದಳು. ಏದುಸಿರು ಬಿಡುತ್ತ ಓಡಿಬಂದ ಗಿರಾಕಿ ಫೋನು ಸಿಕ್ಕಿತಾ ಎಂದು ಕೇಳುವ ಮೊದಲೇ ಇವಳೇ ಕೇಳಿದಳು: "ಅದಿರ್ಲಿ, ಮೂರನೇ ಸಾಲು ಏನಪ್ಪಾ?"

ಹಾಡಿದವಳನ್ನು ಅಭಿಮಾನಿಗಳೆಲ್ಲ ಗುಬ್ಬಿ ಎನ್ನುತ್ತಿದ್ದರು. ಆಳು ಕುಳ್ಳಿ, ದನಿ ಮಾತ್ರ ಮಹಡಿ ಹಾರುವಂಥದು. ಆಮೇಲೆ ಅಕ್ಕ ತಾನೂ ಒಂದು ಫೋನು ಕೊಂಡಳು, ಒಂದೇ ತಿಂಗಳಲ್ಲಿ ಅದನ್ನು ಅರೆದು ಕುಡಿದಳು. ಬೆಳಿಗ್ಗೆ ಮಿಷನ್ನಿಗೆ ಎಣ್ಣೆ ಬಿಡುವ ಮೊದಲು ಹಾಡುಗಾರರ ಸುದ್ದಿ ನೋಡಲೇಬೇಕು. ಯಾವ ಹಾಡು ಪಟ್ಟಿಯಲ್ಲಿ ಎಷ್ಟು ಮೆಟ್ಟಿಲು ಏರಿತು, ಯಾವ ತಂಡದವರು ಮುನಿಸಿಕೊಂಡು ಬೇರೆಯಾದರು, ಯಾರ ಕಾರ್ಯಕ್ರಮ ಮುಂದಕ್ಕೆ ಹೋಯಿತು, ಎಲ್ಲವೂ ಅವಳ ನಾಲಿಗೆ ತುದಿಯಲ್ಲಿ. ಸಿಟಿ ಬಸ್ಸು ಓಡಿಸುವ ಅವಳ ಗಂಡ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅಂಗಡಿಗೇ ಬರುತ್ತಿದ್ದ. ತುತ್ತಿಗೊಂದು ಸುದ್ದಿ ಕೇಳಿ, "ನನ್ನ ತಂಗಿ ಮಕ್ಕಳ ಹೆಸರು ಕೇಳಿದ್ರೆ ತಡವರಿಸ್ತೀಯ, ಡ್ರಮ್ ಬಾರಿಸೋನ ನಾಯಿ ಹೆಸರು ಮಾತ್ರ ಬಾಯಿಪಾಠ" ಎನ್ನುತ್ತಿದ್ದ. ಹಾಗೆಂದು ಅವಳು ಒಂದು ದಿನ ಸುದ್ದಿ ಹೇಳದಿದ್ದರೆ ಅವನಿಗೇ ಊಟ ಸೇರುತ್ತಿರಲಿಲ್ಲ.

ಅಕ್ಕ ಬರೀ ಸುದ್ದಿ ಓದುವವಳಲ್ಲ, ಬರೆಯುವವಳೂ ಹೌದು. 'ಸೂಜಿಕಣ್ಣು' ಅಂತ ಒಂದು ಪುಟ ಮಾಡಿಕೊಂಡಿದ್ದಳು. ಹೆಸರಿಲ್ಲ, ಮುಖವಿಲ್ಲ, ಒಂದು ಸೂಜಿಯ ಚಿತ್ರ ಅಷ್ಟೆ. ಹಿಂಬಾಲಿಸುವವರು ಮೂವತ್ನಾಲ್ಕು ಸಾವಿರ ಮಂದಿ! ಅವರೆಲ್ಲ ಇವಳನ್ನು ಯಾವುದೋ ಕಾಲೇಜು ಹುಡುಗಿ ಎಂದು ತಿಳಿದು "ಮಗಾ", "ಗುರೂ" ಎಂದು ಕರೆಯುತ್ತಿದ್ದರು. ಐವತ್ಮೂರರ ಅಕ್ಕನಿಗೆ ಅದು ಬಹಳ ಹಿಡಿಸಿತ್ತು.

ಅಷ್ಟು ಜನ ಸುಮ್ಮನೆ ಸೇರಲಿಲ್ಲ. ಒಮ್ಮೆ ಗುಬ್ಬಿ ವೇದಿಕೆಯಿಂದ ಬಿದ್ದಳು, ಮುಂದಿನ ಕಾರ್ಯಕ್ರಮಗಳೆಲ್ಲ ರದ್ದು ಎಂದು ಸುದ್ದಿಗೆ ರೆಕ್ಕೆಪುಕ್ಕ ಹುಟ್ಟಿತ್ತು. ಅವಳನ್ನು ನಾಲ್ಕು ಜನ ಎತ್ತಿಕೊಂಡು ಹೋಗುವ ಫೋಟೋ ಬೇರೆ. ಜಗತ್ತೆಲ್ಲ ಅಳುತ್ತಿದ್ದಾಗ ಅಕ್ಕ ಫೋಟೋ ದೊಡ್ಡದು ಮಾಡಿ ತೋಳಿನ ತುದಿ ನೋಡಿದಳು. ನಾಲ್ಕು ಗುಂಡಿ. ಈ ವರ್ಷದ ಕೋಟಿಗೆ ಐದು. "ಹಳೇ ಫೋಟೋ. ನೂರಕ್ಕೆ ನೂರು ಖಚಿತ. ಹೇಗೆ ಗೊತ್ತು ಅಂತ ಕೇಳಬೇಡಿ" ಎಂದು ಬರೆದಳು. ಸಂಜೆಯೊಳಗೆ ಅದೇ ನಿಜವಾಯಿತು. ಅವತ್ತಿನಿಂದ ಸೂಜಿಕಣ್ಣು ಹೇಳಿದರೆ ಮುಗಿಯಿತು, ಅಪೀಲಿಲ್ಲ. 'ಹೇಗೆ ಗೊತ್ತು ಅಂತ ಕೇಳಬೇಡಿ' ಎನ್ನುವುದು ಅವಳ ರುಜುವಿನ ಹಾಗೆ ಆಗಿಹೋಯಿತು. ಬಟ್ಟೆ ನೋಡಿ ಕಂಡುಹಿಡಿಯುತ್ತಾಳೆ ಎಂಬುದು ಗಂಡನೊಬ್ಬನಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಇನ್ನು ಅವಳ ಅಂಗಡಿಯ ಮಾತು. ಮೆಟ್ಟಿಲ ಕೆಳಗಿನ ಉದ್ದನೆ ಕೋಣೆ, ಎರಡು ಮಿಷನ್ನು, ಇಸ್ತ್ರಿ ಮೇಜು, ಪರದೆ ಹಿಂದೆ ಒಂದು ಕನ್ನಡಿ. ಮೇಜಿನ ಡ್ರಾಯರಿನಲ್ಲಿ ನೀಲಿ ರಟ್ಟಿನ ಅಳತೆ ಪುಸ್ತಕ. ಆ ಪುಸ್ತಕ ಬಾಯಿಬಿಟ್ಟರೆ ಅರ್ಧ ಬೀದಿ ಮುಖ ಮುಚ್ಚಿಕೊಂಡು ಓಡಾಡಬೇಕಾಗುತ್ತಿತ್ತು. ಹೆಡ್‌ಮಾಸ್ತರರ ಒಂದು ಭುಜ ಇಳಿದಿದೆ, ಕೋಟಿನೊಳಗೆ ಹತ್ತಿಯ ದಿಂಬು ಇದೆ. ವ್ಯಾಯಾಮಶಾಲೆ ನಡೆಸುವ ಪೈಲ್ವಾನನ ಸೊಂಟ ಎದೆಯನ್ನು ಹಿಂದೆ ಹಾಕಿ ಎರಡು ವರ್ಷವಾಯಿತು. ಅಕ್ಕನಿಗೆ ಕಸುಬು ಕಲಿಸಿದ ಸೋದರತ್ತೆ ಒಂದು ಕಟ್ಟಳೆ ಹಾಕಿಕೊಟ್ಟಿದ್ದಳು. ಬೇರೆ ಟೈಲರುಗಳು ಅಳತೆ ತೆಗೆಯುತ್ತ ಅಂಕಿಯನ್ನು ಕೂಗಿ ಹೇಳಿ ಇನ್ನೊಬ್ಬರ ಕೈಲಿ ಬರೆಸುತ್ತಾರಲ್ಲ, ಅದು ಕೂಡದು. ತಾನೇ ಅಳೆಯಬೇಕು, ತಾನೇ ಬರೆಯಬೇಕು, ಅಂಕಿ ತುಟಿ ದಾಟಬಾರದು. ಇಪ್ಪತ್ತಾರು ವರ್ಷ ಅಕ್ಕ ಹಾಗೇ ನಡೆದುಕೊಂಡಿದ್ದಳು. ಬೀದಿಯವರು ಅವಳಲ್ಲಿಗೆ ಬರುತ್ತಿದ್ದುದು ಹೊಲಿಗೆಗಾಗಿ ಎಷ್ಟೋ, ಆ ಮೌನಕ್ಕಾಗಿಯೂ ಅಷ್ಟೆ.

ಆ ಮಂಗಳವಾರ ಎದುರು ಬೀದಿಯ ಬ್ಯಾಂಕಿನ ಹುಡುಗಿ ಎರಡು ಪ್ಯಾಂಟು ತಂದಳು. ಮದುವೆಯಾಗಿ ಮೂರು ವರ್ಷವಾದ ಹುಡುಗಿ, ಗಂಡ, ಅತ್ತೆಯ ಜೊತೆ ಇರುವವಳು.

"ಅಕ್ಕಾ, ಸೊಂಟದಲ್ಲಿ ಸ್ವಲ್ಪ ಬಿಡಬೇಕಿತ್ತು," ಎಂದಳು. ಆಮೇಲೆ ಕೆಳಗೆ ನೋಡಿಕೊಂಡು, "ಯಾರಿಗೂ..." ಎಂದಳು.

"ಒಂದು ನಾಡಿದ್ದು ಕೊಡ್ತೀನಿ, ಇನ್ನೊಂದು ಮುಂದಿನ ಗುರುವಾರ," ಎಂದಳು ಅಕ್ಕ. ಅಳತೆ ತೆಗೆದು, ಬರೆದು, ಪುಸ್ತಕ ಮುಚ್ಚಿದಳು. ಅವಳಿಗೆ ಅರ್ಥವಾಗಿತ್ತು. ಕೇಳಲಿಲ್ಲ.

ಬುಧವಾರ ಗುಬ್ಬಿಯ ಹೊಸ ಫೋಟೋ ಬಂತು. ಹಸಿರು ಉದ್ದ ಕೋಟು ಹಾಕಿಕೊಂಡು ಮೈಕು ಹಿಡಿದು ನಿಂತಿದ್ದಳು. ಅಕ್ಕ ಎಂದಿನಂತೆ ಫೋಟೋ ದೊಡ್ಡದು ಮಾಡಿದಳು. ಅವಳ ಕಣ್ಣು ಪಕ್ಕದ ಹೊಲಿಗೆಯ ಮೇಲೆ ನಿಂತಿತು. ಹೊಲಿಗೆಯ ಪಕ್ಕದಲ್ಲಿ ಹಳೆ ಹೊಲಿಗೆಯ ತೂತುಗಳ ಸಾಲು, ತೆಳ್ಳಗೆ. ಎರಡೂ ಕಡೆ ಬಿಚ್ಚಿ ಸಡಿಲ ಮಾಡಿದ್ದಾರೆ. ಸೊಂಟದ ಮಡಿಕೆಯನ್ನೂ ಬಿಚ್ಚಿದ್ದಾರೆ. ಅದೂ ಹೋಗಲಿ, ಕೋಟಿನ ಮುಂದಿನ ಅಂಚು ಬೆನ್ನ ಕಡೆಯ ಅಂಚಿಗಿಂತ ಒಂದು ಬೆರಳು ಉದ್ದ. ಮುಂದಿನ ಅಂಚನ್ನು ಇಳಿಸುವುದು ಯಾವಾಗ? ಹೊಟ್ಟೆ ಬಂದಾಗ! ಎಷ್ಟು ಬಸುರಿಯರಿಗೆ ಹೊಲಿದಿಲ್ಲ ಅವಳು?

"ಅಯ್ಯೋ ನನ್ನ ಕಂದಾ!" ಎಂದು ಅಂಗಡಿಯಲ್ಲಿ ಒಬ್ಬಳೇ ಕೂಗಿದಳು. ಕಣ್ಣಲ್ಲಿ ನೀರೇ ಬಂತು. ತನ್ನ ಮನೆಯ ಹುಡುಗಿಯೇ ಬಸುರಾದಷ್ಟು ಖುಷಿ. ಆ ಖುಷಿಯಲ್ಲಿ, ನೋಡಿ, ಬುದ್ಧಿ ಮಂಕಾಯಿತು. ಬೆರಳು ತಾನಾಗಿಯೇ ಬರೆಯಿತು: "ಗುಬ್ಬಿ ತಾಯಿಯಾಗುತ್ತಿದ್ದಾಳೆ. ನೂರಕ್ಕೆ ನೂರು ಖಚಿತ. ಹೇಗೆ ಗೊತ್ತು ಅಂತ ಕೇಳಬೇಡಿ."

ಗುರುವಾರ ಬೆಳಿಗ್ಗೆ ಎದ್ದರೆ ಸುದ್ದಿ ಎಲ್ಲೆಲ್ಲೂ ಹಬ್ಬಿತ್ತು. ದೊಡ್ಡ ದೊಡ್ಡ ಜಾಲತಾಣಗಳೂ ಉಪ್ಪುಖಾರ ಹಚ್ಚಿ ಹಾಕಿಕೊಂಡಿದ್ದವು. ಅಕ್ಕ ಬೀಗಿದಳು. ಬ್ಯಾಂಕಿನ ಹುಡುಗಿ ಬಂದು ಮೊದಲ ಪ್ಯಾಂಟು ತೆಗೆದುಕೊಂಡು ಹೋದಳು. ಮಧ್ಯಾಹ್ನ ಗಂಡ ಡಬ್ಬಿ ಬಿಚ್ಚಿ ಕೂತಿದ್ದಾಗ ಆ ಹುಡುಗಿಯ ಅತ್ತೆ ಒಳಗೆ ಬಂದರು. ಕೈಯಲ್ಲಿ ಗುಂಡಿ ಕಿತ್ತ ಒಂದು ರವಿಕೆ ಇತ್ತು, ಅದು ಬರೀ ನೆಪ.

"ಏನಮ್ಮಾ, ನಮ್ಮ ಸೊಸೆ ನಿನ್ನ ಹತ್ರ ಬಂದಿದ್ಲಂತೆ. ಬಟ್ಟೆ ಏನಾದ್ರೂ ಸಡಿಲ ಮಾಡಿಸಿದ್ಲಾ?"

"ಪ್ಯಾಂಟಿನ ಕೆಲಸ ಇತ್ತಮ್ಮಾ."

"ಅದೇ, ಏನು ಕೆಲಸ? ಆ ಪುಸ್ತಕ ಒಂಚೂರು ತೆಗೆದು ನೋಡು. ನಾನೇನು ಹೊರಗಿನವಳಾ?"

ಅಕ್ಕ ಮೇಜಿನ ಡ್ರಾಯರಿಗೆ ತನ್ನ ಮೊಣಕಾಲು ಒತ್ತಿ ನಿಂತಳು. "ಅಮ್ಮಾ, ನಿಮ್ಮ ಅಳತೇನೂ ಆ ಪುಸ್ತಕದಲ್ಲೇ ಇದೆ. ನಿಮ್ಮ ಸೊಸೆ ಬಂದು ಕೇಳಿದ್ರೆ ತೋರಿಸ್ಲಾ?"

ಅತ್ತೆ ಮುಖ ಊದಿಸಿಕೊಂಡು ರವಿಕೆಯನ್ನೂ ಬಿಟ್ಟು ಹೊರಟರು. ಅಕ್ಕ ಗೆದ್ದ ಮುಖ ಮಾಡಿಕೊಂಡು ಗಂಡನ ಕಡೆ ತಿರುಗಿದಳು. ಅವನು ನಗಲಿಲ್ಲ. ತುತ್ತು ನುಂಗಿ, ನೀರು ಕುಡಿದು, ನಿಧಾನಕ್ಕೆ ಕೇಳಿದ:

"ಈ ಹುಡುಗಿ ಗುಟ್ಟು ಹೊಟ್ಟೇಲಿ ಇಟ್ಕೊಂಡೆ, ಸರಿ. ಆ ಹುಡುಗಿದ್ಯಾಕೆ ಊರಿಗೆಲ್ಲ ಸಾರಿದೆ?"

"ಯಾವ ಹುಡುಗಿ?"

"ನಿನ್ನ ಗುಬ್ಬಿ ಕಣೇ."

"ಅದು ಬೇರೆ ರೀ! ಅವಳು ಹಾಡುಗಾರ್ತಿ. ಅವಳ ಅಳತೆ ನನ್ನ ಪುಸ್ತಕದಲ್ಲಿಲ್ವಲ್ಲ."

"ಪುಸ್ತಕದಲ್ಲಿಲ್ಲ ಅಂದ್ರೆ ಅವಳಿಗೆ ಮೈ ಇಲ್ವಾ?"

ಅಷ್ಟು ಹೇಳಿ ಅವನು ಡಬ್ಬಿ ತೊಳೆದು ಬಸ್ಸಿಗೆ ಹೋದ. ಅಕ್ಕನಿಗೆ ಮೊದಲು ಸಿಟ್ಟು ಬಂತು. ಸಿಟ್ಟಿನಲ್ಲೇ ಒಂದು ಕಾಲರು ತಿರುವುಮುರುವಾಗಿ ಹೊಲಿದಳು. ಅದನ್ನು ಬಿಚ್ಚುತ್ತ ಕೂತಾಗ ಸಿಟ್ಟು ಇಳಿಯಿತು, ಎದೆಯೊಳಗೆ ಏನೋ ಚುಚ್ಚಿಕೊಂಡು ಉಳಿಯಿತು.

ಶುಕ್ರವಾರ ಗುಬ್ಬಿ ತಾನೇ ಒಂದು ವೀಡಿಯೋ ಹಾಕಿದಳು. ಮುಖಕ್ಕೆ ಬಣ್ಣವಿಲ್ಲ, ಕಣ್ಣು ಊದಿತ್ತು. "ನಾನು ತಾಯಿಯಾಗುತ್ತಿಲ್ಲ. ಒಂದು ಕಾಯಿಲೆಗೆ ಔಷಧಿ ತಗೊಳ್ತಿದ್ದೀನಿ, ಅದರಿಂದ ಮೈ ಊದಿದೆ. ಇದನ್ನ ನಮ್ಮಪ್ಪಂಗೆ ನಾನೇ ಹೇಳ್ಬೇಕು ಅಂತಿದ್ದೆ. ಅವರು ಪೇಪರ್ ನೋಡಿ ಸಿಹಿ ಹಂಚಿಬಿಟ್ರು," ಎಂದಳು. ಅಷ್ಟೆ. ಬೈಯಲಿಲ್ಲ. ಬೈದಿದ್ದರೂ ಅಕ್ಕ ತಡೆದುಕೊಳ್ಳುತ್ತಿದ್ದಳೇನೋ.

ಅದಕ್ಕಿಂತ ಕೆಟ್ಟದ್ದು ಶನಿವಾರ ಬಂತು. ಸೂಜಿಕಣ್ಣಿಗೆ ಈ ಸುದ್ದಿ ಕೊಟ್ಟವರು ಯಾರು ಎಂದು ಅಭಿಮಾನಿಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕತೊಡಗಿದ್ದರು. ಅವಳ ಮೈ ಊದಿದ್ದು ಮೊದಲು ಯಾರಿಗೆ ಗೊತ್ತಾಗುತ್ತದೆ? ಅಳತೆ ತೆಗೆಯುವವನಿಗೆ. ಒಂಬತ್ತು ವರ್ಷದಿಂದ ಗುಬ್ಬಿಗೆ ಬಟ್ಟೆ ಹೊಲಿಯುವ ವಯಸ್ಸಾದ ಟೈಲರ್ ಒಬ್ಬರಿದ್ದರು. ಅವರೇ ಬಾಯಿಬಿಟ್ಟದ್ದು ಎಂದು ಎಲ್ಲರೂ ತೀರ್ಮಾನ ಮಾಡಿಯೇಬಿಟ್ಟರು. ವಿಚಾರಣೆ ಮುಗಿಯುವ ತನಕ ಅವರು ಕೆಲಸಕ್ಕೆ ಬರುವುದು ಬೇಡ ಎಂದು ಕಾರ್ಯಕ್ರಮ ನಡೆಸುವವರು ಹೇಳಿದ್ದಾರೆಂದು ಸುದ್ದಿ. ಕೆಳಗೆ ಅವರ ಫೋಟೋ. ಕುತ್ತಿಗೆಯಲ್ಲಿ ಟೇಪು, ಮೂಗಿನ ತುದಿಗೆ ಕನ್ನಡಕ. ಜನ ಅದರ ಕೆಳಗೆ ಬಾಯಿಗೆ ಬಂದ ಹಾಗೆ ಬೈದಿದ್ದರು.

ಅಕ್ಕ ಆ ಫೋಟೋ ನೋಡುತ್ತ ಕೂತಳು. ಒಂಬತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡ ಮನುಷ್ಯ. ಇವಳ ಒಂದು ಸಾಲಿನಿಂದ ಬಾಯಿಬಡುಕ ಆಗಿಹೋದ.

"ನಾನೇ ನೋಡಿ ಕಂಡುಹಿಡಿದೆ ಅಂತ ಬರೆದ್ರೆ ಆಯ್ತಲ್ವಾ?" ಎಂದು ಗಂಡನನ್ನು ಕೇಳಿದಳು.

"ಯಾರು ನಂಬ್ತಾರೆ? ಕಾಲೇಜು ಹುಡುಗಿಗೆ ತೂತು ನೋಡಿ ಹೊಲಿಗೆ ಗೊತ್ತಾಯ್ತು ಅಂದ್ರೆ?"

ಹೌದು. ಮುಖ ತೋರಿಸಬೇಕು, ಕೈ ತೋರಿಸಬೇಕು. ತೋರಿಸಿದರೆ ಮೂವತ್ನಾಲ್ಕು ಸಾವಿರದ ಮಾತು ಅತ್ತ ಇರಲಿ, ಈ ಬೀದಿಗೆ ಗೊತ್ತಾಗುತ್ತದೆ. ಹೆಡ್‌ಮಾಸ್ತರರಿಗೆ, ಪೈಲ್ವಾನನಿಗೆ, ಬ್ಯಾಂಕಿನ ಹುಡುಗಿಗೆ. ಒಂದು ಹೆಣ್ಣಿನ ಮೈಯ ಗುಟ್ಟನ್ನು ಲೋಕಕ್ಕೆ ಸಾರಿದವಳು ನಮ್ಮ ಟೈಲರ್ ಅಕ್ಕನೇ ಎಂದು. ಆಮೇಲೆ ಯಾರು ಅವಳ ಮುಂದೆ ಕೈ ಎತ್ತಿ ನಿಂತು ಅಳತೆ ಕೊಡುತ್ತಾರೆ? ಇಪ್ಪತ್ತಾರು ವರ್ಷದ ನಂಬಿಕೆ ಒಂದೇ ದಿನದಲ್ಲಿ ಹೋಗುತ್ತದೆ. ಭಾನುವಾರ ಬೆಳಿಗ್ಗೆ ತನಕ ಅವಳು ಒದ್ದಾಡಿದಳು. ಆಮೇಲೆ ಎದ್ದು ತಲೆ ಬಾಚಿಕೊಂಡು, "ಫೋನು ಹಿಡ್ಕೊಳ್ರೀ" ಎಂದಳು.

"ತೋರಿಸೋಕೆ ಬಟ್ಟೆ ಬೇಕಲ್ಲ. ಯಾವ ಗಿರಾಕಿದೂ ಮುಟ್ಟೋ ಹಾಗಿಲ್ಲ," ಎಂದು ಅವಳೇ ಮತ್ತೆ ಅಂದಳು.

"ನನ್ನ ಡ್ಯೂಟಿ ಕೋಟು ತೋರ್ಸು," ಎಂದ ಗಂಡ. "ನಾಲ್ಕು ಸಲ ಬಿಚ್ಚಿದ್ದೀಯ. ನನ್ನ ಹೊಟ್ಟೆ ಏನು ಗುಟ್ಟಾ? ಬಸ್ಸಿನ ಚಕ್ರಕ್ಕೇ ಗೊತ್ತು."

ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದ ಕೈ, ಫೋನು ಚೂರೂ ಅಲುಗಲಿಲ್ಲ. ಅಕ್ಕ ಕೋಟನ್ನು ಮುಂದೆ ಹಿಡಿದಳು.

"ನಾನೇ ಸೂಜಿಕಣ್ಣು. ಕಾಲೇಜು ಹುಡುಗಿ ಅಲ್ಲ. ಐವತ್ಮೂರು ವರ್ಷ. ಬಟ್ಟೆ ಹೊಲಿಯೋಳು. ಇಲ್ನೋಡಿ, ಇದು ನನ್ನ ಗಂಡನ ಕೋಟು. ಈ ತೂತಿನ ಸಾಲು ಇದೆಯಲ್ಲ, ಇದು ಹಳೇ ಹೊಲಿಗೆ. ಪಕ್ಕದಲ್ಲಿರೋ ಬಟ್ಟೆ ಬಣ್ಣ ಗಾಢ, ಇಷ್ಟು ದಿನ ಒಳಗಿತ್ತು, ಬಿಸಿಲು ಕಂಡಿರ್ಲಿಲ್ಲ. ಇದನ್ನ ನಾನು ಫೋಟೋದಲ್ಲಿ ನೋಡ್ದೆ. ಆ ಟೈಲರ್ ಯಜಮಾನ್ರು ನನಗೆ ಒಂದಕ್ಷರ ಹೇಳಿಲ್ಲ. ಅವರ ಮುಖ ನಾನು ನೋಡಿದ್ದೇ ನಿನ್ನೆ. ನನಗೆ ಕಲಿಸಿದವ್ರು ಅಳತೆ ಬಾಯಲ್ಲಿ ಹೇಳ್ಬೇಡ ಅಂದಿದ್ರು. ಹೇಳ್ದೆ. ಅದೂ ತಪ್ಪು ಹೇಳ್ದೆ. ಗುಬ್ಬೀ, ತಾಯಿ, ನಿಮ್ಮಪ್ಪಂಗೆ ನೀನು ಹೇಳ್ಬೇಕಾದ ಮಾತು ಕಿತ್ಕೊಂಡೆ. ಅದನ್ನ ನಾನು ಹೇಗೆ ವಾಪಸ್ ಕೊಡ್ಲಿ?" ಗಂಡ ಫೋನು ಕೆಳಗಿಟ್ಟ.

ಎರಡು ದಿನದಲ್ಲಿ ಒಂಬತ್ತು ಸಾವಿರ ಮಂದಿ ಪುಟ ಬಿಟ್ಟು ಹೋದರು. ಕೆಲವರು "ಅಜ್ಜಿ, ಸುಮ್ನೆ ಮೂಲೇಲಿ ಕೂತ್ಕೋ" ಎಂದರು. ಕೆಲವರು ಅಮ್ಮಾ ಎಂದು ಕರೆದು ಸಮಾಧಾನ ಹೇಳಿದರು. ಒಬ್ಬ ಮಾತ್ರ ಜೀನ್ಸ್ ಪ್ಯಾಂಟು ಗಿಡ್ಡ ಮಾಡಿಕೊಡುತ್ತೀರಾ ಎಂದು ಕೇಳಿದ.

ಅದೆಲ್ಲ ದೂರದ ಮಾತು. ಬೀದಿಯಲ್ಲಿ ಅವಳು ಹೆದರಿದ್ದೇ ಆಯಿತು. ಹೆಡ್‌ಮಾಸ್ತರರು ಬಂದು, ಅರ್ಧ ಹೊಲಿದ ಕೋಟನ್ನು ಹಾಗೇ ಮಡಿಸಿಕೊಂಡು ಹೋದರು. ಪೈಲ್ವಾನ ಎದುರಿನ ಫುಟ್‌ಪಾತಿಗೆ ದಾಟಿ ನಡೆಯತೊಡಗಿದ. ಗುರುವಾರ ಬಂತು. ಬ್ಯಾಂಕಿನ ಹುಡುಗಿಯ ಎರಡನೆಯ ಪ್ಯಾಂಟನ್ನು ಅಕ್ಕ ಇಸ್ತ್ರಿ ಮಾಡಿ, ಕಾಗದದಲ್ಲಿ ಸುತ್ತಿ ಕಪಾಟಿನಲ್ಲಿಟ್ಟಳು. ಹುಡುಗಿ ಬರಲಿಲ್ಲ. ಶುಕ್ರವಾರವೂ ಬರಲಿಲ್ಲ. ಬ್ಯಾಂಕು ಬಿಡುವ ಹೊತ್ತಿಗೆ ಅಕ್ಕ ಬಾಗಿಲ ಕಡೆ ನೋಡುವಳು, ಹುಡುಗಿ ತಲೆ ತಗ್ಗಿಸಿಕೊಂಡು ಆಚೆ ಹೋಗುವಳು. ಆ ಪೊಟ್ಟಣ ನೋಡಿದಾಗಲೆಲ್ಲ ಅಕ್ಕನಿಗೆ ಅಳು ಬರುತ್ತಿತ್ತು. ಗಂಡ ಈಗ ಊಟದ ಹೊತ್ತಿಗೆ ತಾನೇ ಸುದ್ದಿ ಹೇಳತೊಡಗಿದ: ಯಾವ ಬಸ್ಸಿನ ಟೈರು ಪಂಕ್ಚರಾಯಿತು, ಯಾವ ಕಂಡಕ್ಟರ್ ರಜೆ ಹಾಕಿದ. ಪಾಪ, ಅವನಿಗೆ ಹೇಳಲು ಬಾರದು. ಆದರೂ ಹೇಳುತ್ತಿದ್ದ.

ವೀಡಿಯೋ ಹಾಕಿ ಹತ್ತು ದಿನದ ಮೇಲೆ ಪುಟಕ್ಕೆ ಒಂದು ಸಂದೇಶ ಬಂತು. ಜೊತೆಗೆ ಒಳಗು ಹೊರಗು ಮಾಡಿದ ಹಸಿರು ಕೋಟಿನ ಫೋಟೋ.

"ತಂಗೀ, ನನ್ನನ್ನು ಕೆಲಸಕ್ಕೆ ವಾಪಸ್ ಕರೆದಿದ್ದಾರೆ. ನಿನ್ನ ವೀಡಿಯೋ ನೋಡಿ ಅವರಿಗೆ ನಂಬಿಕೆ ಬಂತು. ಮೈ ಊದಿದ ವಿಷಯ ಗುಬ್ಬಿ ತಾನೇ ಹೇಳಿದ್ದರಿಂದ, ಅವಳ ಒಪ್ಪಿಗೆ ಕೇಳಿ ಇದಿಷ್ಟು ಬರೆಯುತ್ತಿದ್ದೇನೆ. ಮುಂದಿನ ಅಂಚು ಇಳಿಸಿದ್ದು ಹೊಟ್ಟೆಗಲ್ಲ. ಆ ಹುಡುಗಿ ಎತ್ತರದ ಸ್ವರ ಹಿಡಿಯುವಾಗ ಹಿಂದಕ್ಕೆ ಬಾಗುತ್ತಾಳೆ, ಆಗ ಮುಂದಿನ ಅಂಚು ಮೇಲೆ ಹೋಗಿ ಅಸಹ್ಯವಾಗಿ ಕಾಣುತ್ತದೆ. ಒಂಬತ್ತು ವರ್ಷದಿಂದ ಒಂದು ಬೆರಳು ಇಳಿಸಿಯೇ ಹೊಲಿಯುತ್ತೇನೆ. ಫೋಟೋ ನೋಡಿ ಅಳತೆ ತೆಗೆಯಬಾರದು. ಹಳೆ ತೂತು ಕಂಡದ್ದು ಮಾತ್ರ ನನ್ನ ತಪ್ಪು, ಅದು ಮುಚ್ಚಿಕೊಳ್ಳಲು ಇನ್ನೊಂದು ಸಲ ಇಸ್ತ್ರಿಯ ಹಬೆ ಕೊಡಬೇಕಿತ್ತು."

ಅಕ್ಕ ಹಣೆ ಹಣೆ ಚಚ್ಚಿಕೊಂಡಳು. ಹಿಂದಕ್ಕೆ ಬಾಗುವುದು! ಸಾವಿರ ಸಲ ನೋಡಿದ್ದಾಳೆ. ಆ ಬಾಗುವಿಕೆ ಬಂದಾಗಲೆಲ್ಲ ತಾನೂ ಕುರ್ಚಿಯಲ್ಲಿ ಹಿಂದಕ್ಕೆ ಬಾಗಿದ್ದಾಳೆ. ಅಷ್ಟು ಪ್ರೀತಿಯಿಂದ ನೋಡಿದ್ದು ಅವತ್ತು ಒಂದು ಅಂಚಿನ ಮುಂದೆ ಮರೆತೇಹೋಗಿತ್ತು. ಅತ್ತಳು, ಅಳುತ್ತಲೇ ನಕ್ಕಳು. "ಹಬೆ ಕೊಟ್ಟಿದ್ದೀರಿ ಅಣ್ಣಾ, ಚೆನ್ನಾಗೇ ಕೊಟ್ಟಿದ್ದೀರಿ. ನನ್ನ ಕಣ್ಣೇ ಹಾಳು," ಎಂದು ಉತ್ತರ ಬರೆದಳು.

ಮರುದಿನ ಬ್ಯಾಂಕು ಬಿಡುವ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಆ ಹುಡುಗಿ. ಒಳಗೂ ಬಾರದೆ ಹೊರಗೂ ಹೋಗದೆ ನಿಂತಿದ್ದಳು.

"ನಿನ್ನ ಪ್ಯಾಂಟು ಸಿದ್ಧ ಇದೆಯಮ್ಮಾ," ಎಂದಳು ಅಕ್ಕ, ಕಪಾಟಿನಿಂದ ಪೊಟ್ಟಣ ತೆಗೆಯುತ್ತ.

"ನಿಮ್ಮ ವೀಡಿಯೋ ನೋಡಿ ಹೆದರಿಬಿಟ್ಟೆ ಅಕ್ಕಾ. ಇಲ್ಲಿಗೆ ಬರಲೇಬಾರದು ಅಂತಿದ್ದೆ. ನಿನ್ನೆ ನಮ್ಮತ್ತೆ ಯಾರ ಹತ್ರಾನೋ ನಿಮ್ಮನ್ನ ಬೈತಿದ್ರು. 'ಲೋಕಕ್ಕೆಲ್ಲ ಸಾರ್ತಾಳೆ, ನನ್ನ ಸೊಸೆ ವಿಷಯ ಕೇಳಿದ್ರೆ ಮಾತ್ರ ಪುಸ್ತಕ ಮುಟ್ಟೋಕೂ ಬಿಡ್ಲಿಲ್ಲ' ಅಂತ." ಹುಡುಗಿ ಒಳಗೆ ಬಂದು ಪರದೆ ಎಳೆದಳು. "ಹೋದ ಸಲ ಎಲ್ರಿಗೂ ಬೇಗ ಹೇಳ್ಬಿಟ್ಟಿದ್ದೆ ಅಕ್ಕಾ. ಆಮೇಲೆ ಒಬ್ಬೊಬ್ಬರ ಹತ್ರಾನೂ 'ಇಲ್ಲ, ಉಳೀಲಿಲ್ಲ' ಅಂತ ಹೇಳ್ಕೊಂಡು ಬರೋದೇ ಆಯ್ತು. ಈ ಸಲ ನಾನಾಗೇ ಹೇಳೋ ತನಕ..."

ಅವಳು ಎರಡೂ ಕೈ ಮೇಲೆತ್ತಿ ನಿಂತಳು. ಅಕ್ಕ ಟೇಪು ಸುತ್ತಿದಳು. ಅಂಕಿ ನೋಡಿದಳು. ಹಿಂದಿನ ಅಳತೆಗಿಂತ ಮುಕ್ಕಾಲು ಇಂಚು ಹೆಚ್ಚು. ಕಣ್ಣು ಮಂಜಾದರೂ ಕೈ ತಪ್ಪದೆ ಬರೆದಳು.

ಆಗಲೇ ಮೇಜಿನ ಮೇಲಿದ್ದ ಫೋನು ಸದ್ದು ಮಾಡಿತು. ಏಳು ತಿಂಗಳಿನಿಂದ ಕಾದಿದ್ದ ಗುಬ್ಬಿಯ ಹೊಸ ಹಾಡು. ಅಕ್ಕ ಅದನ್ನು ಮುಟ್ಟಲು ಹೋಗಲಿಲ್ಲ.

"ಹಾಕಿ ಅಕ್ಕಾ, ನಾನೂ ಕೇಳ್ತೀನಿ," ಎಂದಳು ಹುಡುಗಿ.

ಅಕ್ಕ ಹಾಡು ಹಾಕಿ, ಫೋನನ್ನು ಬೋರಲು ಮಾಡಿ ಅಳತೆ ಪುಸ್ತಕದ ಮೇಲಿಟ್ಟಳು. ಇಬ್ಬರೂ ಸ್ಟೂಲಿನ ಮೇಲೆ ಕೂತು ಕೊನೆಯ ತನಕ ಕೇಳಿದರು. ಹುಡುಗಿ ಹೋದ ಮೇಲೆ ಅಕ್ಕ ಹದಿನೈದು ದಿನದಲ್ಲಿ ಮೊದಲ ಸಲ ಸೂಜಿಕಣ್ಣಿನಲ್ಲಿ ಬರೆದಳು: "ಹೊಸ ಹಾಡು ಬಂದಿದೆ. ದನಿ ಮೊದಲಿಗಿಂತ ಚೆನ್ನಾಗಿದೆ. ಬಟ್ಟೆ ನಾನು ನೋಡಿಲ್ಲ." ಆಮೇಲೆ ಹುಡುಗಿ ಬಿಟ್ಟುಹೋದ ಪ್ಯಾಂಟಿನ ಸೊಂಟವನ್ನು ಇನ್ನೊಮ್ಮೆ ಬಿಚ್ಚಲು ಕೂತಳು.